ಹಳೆಯ ಕಾಗದಕ್ಕೆ ಏನಾಗಿದೆ? ಕೊಡಗಿನ ದಾಖಲೆಗಳಿಗೊಂದು ದೋಷ ನಿವಾರಣೆ ಕೈಪಿಡಿ

"ಬೂಷ್ಟು ಹಿಡಿದಿದೆ, ಏನು ಹಚ್ಚಬೇಕು?" ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ನನ್ನನ್ನು ಹುಡುಕಿಕೊಂಡು ಬರುವ ಮೊದಲ ಪ್ರಶ್ನೆ ಇದು. ಕೇಳುವವರು ಐನ್‌ಮನೆಯ, ಅಂದರೆ ಕೊಡವ ಕುಲದ ಮೂಲಮನೆಯ, ಹಿರಿಯರಾದ ಪಟ್ಟೇದಾರರಿರಬಹುದು, ಸಹಕಾರ ಸಂಘದ ಕಾರ್ಯದರ್ಶಿಯಿರಬಹುದು, ಕೂಲಿಯ ಹಾಜರಿ ಪುಸ್ತಕಗಳಾದ ಹಳೇ ಚೆಕ್‌ರೋಲ್‌ಗಳನ್ನು ಗೋದಾಮಿನ ಅಟ್ಟದಲ್ಲಿ ಇಟ್ಟುಕೊಂಡಿರುವ ತೋಟದ ರೈಟರ್, ಅಂದರೆ ಗುಮಾಸ್ತ, ಇರಬಹುದು. ಎಲ್ಲರೂ ಮದ್ದನ್ನೇ ಕೇಳುತ್ತಾರೆ. ಬಂದದ್ದು ಬೂಷ್ಟೇ ಹೌದೇ, ಹೌದಾದರೆ ಅದು ಇನ್ನೂ ಬೆಳೆಯುತ್ತಿದೆಯೇ ಎಂದು ನೋಡಿಕೊಂಡು ಬಂದವರು ಅಪರೂಪ.

ಕಾಗದದ ಮುಂದೆ ಕೂತಾಗ ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಕಾಣುತ್ತಿರುವ ಈ ಹಾನಿ ಈಗಲೂ ನಡೆಯುತ್ತಿದೆಯೇ, ಎಂದೋ ನಡೆದು ನಿಂತದ್ದೇ? ನಲವತ್ತು ವರ್ಷದ ಹಿಂದೆ ಹೆಂಚು ಸೋರಿ ಬಿದ್ದ ನೀರಿನ ಕಲೆ ಎಷ್ಟೇ ವಿಕಾರವಾಗಿದ್ದರೂ ಅದರ ಪಾಡಿಗೆ ಅದು ಇರಬಲ್ಲದು. ಅಚ್ಚುಕಟ್ಟಾಗಿ ಕಾಣುವ 1960ರ ದಶಕದ ಫೈಲು ಒಳಗೊಳಗೇ ಪುಡಿಯಾಗುತ್ತಿರಬಹುದು. ನೋಡಲು ಕೆಟ್ಟದ್ದಕ್ಕೆ ಮೊದಲು ಕೈ ಹಾಕಿ, ಕೆಡುತ್ತಾ ಇರುವುದನ್ನು ಬಿಟ್ಟುಬಿಡುತ್ತೇವೆ. ಮುಂದೆ ಬರೆದಿರುವ ಪರೀಕ್ಷೆಗಳೆಲ್ಲ ಈ ಎರಡನ್ನು ಬೇರೆ ಮಾಡಿ ಗುರುತಿಸಲು.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಒಂದು ಒಳ್ಳೆಯ ಟಾರ್ಚು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಮೆತ್ತನೆಯ ಬ್ರಷ್ಷು, ಬ್ಲಾಟಿಂಗ್ ಪೇಪರ್, ಗಾಳಿಯ ತೇವ ತೋರಿಸುವ ಹೈಗ್ರೋಮೀಟರ್, ಎನ್-95 ಮಾಸ್ಕು, ನೈಟ್ರೈಲ್ ಕೈಗವಸು, ಬರೆದುಕೊಳ್ಳಲು ಸೀಸದಕಡ್ಡಿ. ದಾಖಲೆಯಿರುವ ಮೇಜಿನ ಮೇಲೆ ಪೆನ್ನು ಬೇಡ. ಒಂದು ತೊಟ್ಟು ಶಾಯಿ ಬಿದ್ದರೆ ಅದನ್ನು ತೆಗೆಯುವ ಉಪಾಯ ನನ್ನ ಬಳಿ ಇಲ್ಲ.

ಮೊದಲು ಕೋಣೆ, ಆಮೇಲೆ ಕಾಗದ

ಕಟ್ಟು ಬಿಚ್ಚುವ ಮೊದಲು ಕೋಣೆಯನ್ನು ಓದಬೇಕು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸಿನ ಮಳೆ. ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಕುಶಾಲನಗರಕ್ಕೆ ಇಳಿದರೆ ಮಡಿಕೇರಿಯ ಅರ್ಧವೂ ಇಲ್ಲ. ಒಂದೇ ಜಿಲ್ಲೆಯಾದರೂ ಕಾಗದದ ಕಾಯಿಲೆ ಒಂದೇ ಅಲ್ಲ. ಭಾಗಮಂಡಲ, ಮಡಿಕೇರಿಯ ದಾಖಲೆ ಎಂದರೆ ನಾನು ಮೊದಲು ಬೂಷ್ಟನ್ನು ಅನುಮಾನಿಸುತ್ತೇನೆ. ಕುಶಾಲನಗರದ ಕಡೆಯದಾದರೆ ಗೆದ್ದಲು ಮತ್ತು ಕಾಗದದ ಆಮ್ಲವನ್ನು.

ಹೈಗ್ರೋಮೀಟರ್ ಕೊಂಡ ದಿನವೇ ಅದನ್ನು ನಂಬಬೇಡಿ, ಅಡುಗೆ ಉಪ್ಪಿನಲ್ಲಿ ಪರೀಕ್ಷಿಸಿ. ಬಾಟಲಿ ಮುಚ್ಚಳವೊಂದಕ್ಕೆ ಉಪ್ಪು ತುಂಬಿ, ಕರಗಿಹೋಗದಂತೆ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ಮಾತ್ರ ನೀರು ಹಾಕಿ. ಅದನ್ನೂ ಮೀಟರನ್ನೂ ಗಾಳಿಯಾಡದ ಜಿಪ್ ಚೀಲದಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಅದು ನೂರಕ್ಕೆ 75 ತೋರಿಸಬೇಕು. 68 ತೋರಿಸಿದರೆ ನಿಮ್ಮ ಮೀಟರು 7 ಕಡಿಮೆ ಹೇಳುತ್ತದೆ ಎಂದರ್ಥ, ಅದನ್ನು ಅದರ ಬೆನ್ನ ಮೇಲೆ ಬರೆದಿಡಿ. ಈ ಒಂದು ಕೆಲಸ ಮಾಡದೆ ತಿಂಗಳುಗಟ್ಟಲೆ ಬರೆದಿಟ್ಟ ಅಳತೆಯ ಪುಸ್ತಕವನ್ನು ನಾನು ನೋಡಿದ್ದೇನೆ. ಪುಟ ಪುಟವೂ ಶ್ರದ್ಧೆಯಿಂದ ತುಂಬಿತ್ತು, ಒಂದು ಅಂಕಿಯೂ ಕೆಲಸಕ್ಕೆ ಬರುತ್ತಿರಲಿಲ್ಲ.

ಆಮೇಲೆ ಅಳತೆ ಎಲ್ಲಿ ತೆಗೆಯುತ್ತೀರಿ ಎಂಬುದು. ಬಾಗಿಲ ಬಳಿಯ ಮೇಜಿನ ಮೇಲಿಟ್ಟ ಮೀಟರು ಬಾಗಿಲ ಬಳಿಯ ಮೇಜಿನ ಸುದ್ದಿಯನ್ನಷ್ಟೇ ಹೇಳುತ್ತದೆ. ಹೊರಗೋಡೆಗೆ ಆತುಕೊಂಡ ಕಪಾಟಿನ ಕೆಳಸಾಲಿನಲ್ಲಿ, ಕಟ್ಟುಗಳ ಹಿಂದೆ ಒಂದು ದಿನ ಇಟ್ಟು ನೋಡಿ. ಕೋಣೆಯ ನಡುವೆ 62 ಇದ್ದಾಗ ಅಲ್ಲಿ 75 ಇರುವುದು ಕೊಡಗಿನಲ್ಲಿ ಆಶ್ಚರ್ಯದ ಮಾತಲ್ಲ, ಗೋಡೆ ತಂಪಾಗಿರುತ್ತದೆ, ಗಾಳಿ ಅಲುಗುವುದಿಲ್ಲ. ನೂರಕ್ಕೆ 65 ದಾಟಿದ ತೇವ ದಿನಗಟ್ಟಲೆ ನಿಂತಿತೆಂದರೆ ಬೂಷ್ಟಿಗೆ ಅಷ್ಟು ಸಾಕು. ಪುಸ್ತಕಗಳು ಹೇಳುವ 50ರ ಆಸುಪಾಸಿನ ತೇವವನ್ನು ಮಳೆ ಜೋರಾಗಿರುವ ಕಕ್ಕಡ ತಿಂಗಳ ಮಡಿಕೇರಿಯಲ್ಲಿ ಯಂತ್ರವಿಲ್ಲದೆ ತರಲಾಗುವುದಿಲ್ಲ. ನಮ್ಮ ಗುರಿ 65ರ ಒಳಗೆ ನಿಲ್ಲಿಸುವುದು, ಮತ್ತು ಒಂದೇ ದಿನದಲ್ಲಿ ಏರಿಳಿಯದಂತೆ ನೋಡಿಕೊಳ್ಳುವುದು.

"ಗಾಳಿ ಆಡಲಿ" ಎಂದು ಮಳೆಗಾಲದಲ್ಲಿ ಕಿಟಕಿ ತೆರೆದಿಡುವ ಅಭ್ಯಾಸ ಎಲ್ಲೆಡೆ ಇದೆ. ಮಂಜು ಕಿಟಕಿಯಿಂದ ಒಳಕ್ಕೆ ಬರುವುದನ್ನು ಕಣ್ಣಾರೆ ಕಾಣುವ ಊರು ನಮ್ಮದು, ಆಗ ಒಳಗೆ ಬರುವುದು ನೀರೇ. ಹೊರಗಿನ ಅಳತೆ ಒಳಗಿಗಿಂತ ಕಡಿಮೆ ಇದ್ದ ದಿನ ಮಾತ್ರ ಕಿಟಕಿ ತೆರೆಯಿರಿ, ಸುಗ್ಗಿಯ ಹಬ್ಬವಾದ ಪುತ್ತರಿಯಿಂದ ಕಾಫಿ ಹೂ ಅರಳಿಸುವ ಹೂಮಳೆಯವರೆಗೆ ಅಂಥ ದಿನಗಳು ಬೇಕಾದಷ್ಟಿವೆ. ಉಳಿದ ಕಾಲಕ್ಕೆ ಬಾಗಿಲು ಮುಚ್ಚಿ ಒಳಗೊಂದು ಫ್ಯಾನು ಸಣ್ಣಗೆ ತಿರುಗುತ್ತಿರಲಿ. ಡಿಹ್ಯುಮಿಡಿಫೈಯರ್ ಇದ್ದರೆ ಅದರ ಬಕೆಟ್ಟಿನಲ್ಲಿ ದಿನಕ್ಕೆಷ್ಟು ನೀರು ಸೇರುತ್ತದೆ ಎಂದು ಬರೆದಿಡಿ. ಬಾಗಿಲು ಮುಚ್ಚಿದ್ದೂ ನೀರು ಇಳಿಮುಖವಾಗದಿದ್ದರೆ ತೇವ ಬರುತ್ತಿರುವುದು ಗಾಳಿಯಿಂದಲ್ಲ, ಗೋಡೆಯಿಂದ ಅಥವಾ ನೆಲದಿಂದ. ಸುಣ್ಣದ ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಅರಳಿದೆಯೇ, ಬಣ್ಣ ಸಿಪ್ಪೆಯೆದ್ದಿದೆಯೇ ನೋಡಿ. ಕಪಾಟು ಗೋಡೆಯಿಂದ ಒಂದು ಗೇಣಾದರೂ ದೂರ ಇರಬೇಕು, ಕೆಳಸಾಲು ನೆಲದಿಂದ ಅಷ್ಟೇ ಮೇಲೆ.

ಯಾವ ಕಾಲದ ಕಾಗದ?

ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದ ಜಮ್ಮಾ ಸನದು, ಅಂದರೆ ವಂಶಪಾರಂಪರ್ಯ ಜಮೀನಿನ ಹಕ್ಕುಪತ್ರ, ಕೈಯಲ್ಲಿ ಬಟ್ಟೆಯಂತೆ ಬಾಗುತ್ತದೆ. ಅದೇ ಪೆಟ್ಟಿಗೆಯಲ್ಲಿರುವ ಅಪ್ಪನ ಕಾಲದ ಕಂದಾಯ ರಸೀದಿ ಹಪ್ಪಳದಂತೆ ಮುರಿಯುತ್ತದೆ. ಮನೆಯವರಿಗೆ ಇದು ಒಗಟು. "ಹಳೇದು ಗಟ್ಟಿ, ಹೊಸದು ಟೊಳ್ಳು" ಎಂದು ಕಾಲವನ್ನು ಬೈದು ಸುಮ್ಮನಾಗುತ್ತಾರೆ. ಕಾರಣ ಕಾಗದದ ಹುಟ್ಟಿನಲ್ಲಿದೆ.

1834ರಲ್ಲಿ ಕೊಡಗು ಬ್ರಿಟಿಷರ ಕೈಸೇರುವ ಮೊದಲಿನ ಕಾಗದ ಬಹುಮಟ್ಟಿಗೆ ಕೈಯಲ್ಲಿ ಮಾಡಿದ್ದು, ಚಿಂದಿಬಟ್ಟೆ ಅಥವಾ ನಾರನ್ನು ಕುಟ್ಟಿ ತಯಾರಿಸಿದ್ದು. ಅದರ ಎಳೆ ಉದ್ದ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮರದ ತಿರುಳಿನ ಕಾಗದ ಬಂತು. ಶಾಯಿ ಹರಡದಿರಲಿ ಎಂದು ಅದಕ್ಕೆ ರಾಳ ಮತ್ತು ಪಟಿಕದ ಲೇಪ ಕೊಟ್ಟರು. ತೇವದೊಡನೆ ಸೇರಿ ಪಟಿಕ ಆಮ್ಲ ಹುಟ್ಟಿಸುತ್ತದೆ, ಆಮ್ಲ ಕಾಗದದ ಎಳೆಯ ಮೂಲವಸ್ತುವಾದ ಸೆಲ್ಯುಲೋಸಿನ ಸರಪಳಿಯನ್ನು ತುಂಡು ತುಂಡು ಮಾಡುತ್ತದೆ. ಮರವನ್ನು ಹಾಗೇ ಅರೆದು ಮಾಡಿದ ಅಗ್ಗದ ಕಾಗದದಲ್ಲಿ ಮರದ ಎಳೆಗಳನ್ನು ಬೆಸೆಯುವ ಲಿಗ್ನಿನ್ ಉಳಿದುಕೊಂಡು ಬೆಳಕಿಗೆ ಹಳದಿಯಾಗುತ್ತದೆ. ಎರಡನೆಯ ಮಹಾಯುದ್ಧದ ಕಾಗದದ ಬರಗಾಲದಲ್ಲಿ ಬಳಸಿದ ಹಾಳೆಗಳ ಪಾಡು ಎಲ್ಲಕ್ಕಿಂತ ಕೆಟ್ಟದ್ದು. ಹಾಗಾಗಿ ಲಿಂಗರಾಜರ ಆಳ್ವಿಕೆಯ (1811–1820) ಹುಕುಮಿಗಿಂತ 1956ರ ಹಿಂದುಮುಂದಿನ, ಅಂದರೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊತ್ತಿನ ಕಡತಗಳ ಬಗ್ಗೆ ನನಗೆ ಹೆಚ್ಚು ಆತಂಕ.

ಪರೀಕ್ಷೆ ಹೇಗೆ? ಗ್ರಂಥಾಲಯಗಳಲ್ಲಿ ಪುಟದ ಮೂಲೆಯನ್ನು ಹಿಂದಕ್ಕೂ ಮುಂದಕ್ಕೂ ಮಡಿಸಿ, ಎಷ್ಟನೇ ಸಲಕ್ಕೆ ಮುರಿಯುತ್ತದೆ ಎಂದು ಎಣಿಸುವ ಪದ್ಧತಿಯಿದೆ. ಅದೇ ಪುಸ್ತಕದ ಇನ್ನೊಂದು ಪ್ರತಿ ಎಲ್ಲಾದರೂ ಇರುತ್ತದೆ ಎನ್ನುವ ಕಡೆ ಅದು ಸರಿ. ಇಡೀ ಲೋಕದಲ್ಲಿ ಒಂದೇ ಇರುವ ಜಮ್ಮಾ ಪತ್ರದ ಮೂಲೆಯನ್ನು ಮುರಿದು ನೋಡುವುದನ್ನು ನಾನು ಒಪ್ಪುವುದಿಲ್ಲ. ಬಾಗಿಸಿ ನೋಡಿ, ಮಡಿಸಬೇಡಿ. ಹಾಳೆಯ ಕೆಳಗೆ ಗಟ್ಟಿ ರಟ್ಟು ಕೊಟ್ಟು, ಒಂದಂಚನ್ನು ಬೆರಳಷ್ಟು ಎತ್ತಿ. ತೂಗಿ ಬಾಗಿದರೆ ಜೀವವಿದೆ. ಒಣ ಎಲೆಯಂತೆ ಸೆಟೆದು ನಿಂತರೆ ಅಲ್ಲಿಗೇ ನಿಲ್ಲಿಸಿ. ಕಟ್ಟು ಬಿಚ್ಚಿದ ಬಟ್ಟೆಯ ಮೇಲೆ ಚೂರುಗಳು ಉದುರಿದ್ದರೆ ಪರೀಕ್ಷೆಯೇ ಬೇಡ, ಉತ್ತರ ಅಲ್ಲೇ ಬಿದ್ದಿದೆ. ಉದುರಿದ ಬರಹವಿಲ್ಲದ ಚೂರಿನ ಮೇಲೆ ಆಮ್ಲವನ್ನು ಬಣ್ಣದಲ್ಲಿ ತೋರಿಸುವ ಪಿಎಚ್ ಪೆನ್ನಿನಿಂದ ಒಂದು ಗೆರೆ ಎಳೆದು ನೋಡಬಹುದು. ಗೆರೆ ನೇರಳೆಯಾಗಿ ಉಳಿದರೆ ಆಮ್ಲವಿಲ್ಲ, ಹಳದಿಗೆ ತಿರುಗಿದರೆ ಇದೆ. ಪೆನ್ನಿನ ಗೆರೆ ಅಳಿಯುವುದಿಲ್ಲವಾದ್ದರಿಂದ ದಾಖಲೆಯ ಮೇಲೆಯೇ ಎಳೆಯಬೇಡಿ.

ಆಮ್ಲದ ದೋಷ ನಿಂತಿದೆಯೇ, ನಡೆಯುತ್ತಿದೆಯೇ ಎಂಬ ಪ್ರಶ್ನೆಗೆ ಉತ್ತರ ಯಾವಾಗಲೂ ಒಂದೇ: ನಡೆಯುತ್ತಿದೆ. ಅದರ ವೇಗವನ್ನು ಮಾತ್ರ ತಗ್ಗಿಸಬಹುದು. ಶಾಖ ಸುಮಾರು 5 ಡಿಗ್ರಿ ಏರಿದರೆ ಕೆಡುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಈ ಕೆಲಸದವರ ಲೆಕ್ಕ. ಶೀಟಿನ ಮಾಡಿನ ಕೆಳಗಿನ ಅಟ್ಟದಿಂದ ತಂಪಾದ ಒಳಕೋಣೆಗೆ ಪೆಟ್ಟಿಗೆ ಇಳಿಸಿದಿರೆಂದರೆ ಯಾವ ರಾಸಾಯನಿಕವೂ ಇಲ್ಲದೆ ಕಾಗದಕ್ಕೆ ವರ್ಷಗಳನ್ನು ಕೊಟ್ಟಿರಿ. ಆಮ್ಲ ಪಕ್ಕದ ಹಾಳೆಗೂ ದಾಟುತ್ತದೆ. ಫೈಲಿನ ನಡುವೆ ಇಟ್ಟ ಪತ್ರಿಕೆಯ ಕತ್ತರಿಕೆ ಎರಡೂ ಬದಿಯ ಹಾಳೆಗೆ ತನ್ನದೇ ಆಕಾರದ ಕಂದು ನೆರಳು ಬಿಟ್ಟಿರುವುದನ್ನು ನೀವೂ ನೋಡಿರುತ್ತೀರಿ.

ಬೂಷ್ಟು

ಟಾರ್ಚನ್ನು ಹಾಳೆಯ ಮಟ್ಟಕ್ಕೆ ಇಳಿಸಿ ಓರೆಯಾಗಿ ಬೆಳಕು ಬಿಡಿ. ನೇರ ಬೆಳಕಿನಲ್ಲಿ ಕೊಳೆಯಂತೆ ಕಂಡದ್ದು ಓರೆ ಬೆಳಕಿನಲ್ಲಿ ನವಿರಾದ ರೋಮದಂತೆ ಎದ್ದು ಕಂಡರೆ ಅದು ಬೂಷ್ಟು. ಒಣಬ್ರಷ್ಷಿನ ತುದಿಯಿಂದ ಒಂದೇ ಒಂದು ಕಡೆ ಮೆಲ್ಲಗೆ ಮುಟ್ಟಿ. ಪುಡಿಯಾಗಿ ಸರಿದರೆ ಒಣಗಿ ಮಲಗಿರುವ ಬೂಷ್ಟು. ಜಿಡ್ಡಿನಂತೆ ಎಳೆದುಕೊಂಡು ಬಳಿದರೆ ಅದು ಜೀವಂತ, ಈಗ ಒರೆಸಿದರೆ ಎಳೆಗಳ ಒಳಕ್ಕೆ ಇನ್ನಷ್ಟು ನೂಕಿದಂತೆ. ಜೀವಂತವಾದದ್ದನ್ನು ಬೇರೆ ಕಟ್ಟುಗಳಿಂದ ದೂರ ಮಾಡಿ, ತೇವ ಕಡಿಮೆಯಿರುವ ಕೋಣೆಯಲ್ಲಿ ಫ್ಯಾನಿನ ಗಾಳಿ ನೇರವಾಗಿ ಬೀಳದಂತೆ ಒಣಗಲು ಬಿಡಿ. ಪೂರ್ತಿ ಒಣಗಿ ಪುಡಿಯಾದ ಮೇಲೆಯೇ ಬ್ರಷ್ಷು, ಅದೂ ಮನೆಯ ಹೊರಗೆ ಗಾಳಿಗೆ ಬೆನ್ನು ಮಾಡಿ ನಿಂತು. ಮಾಸ್ಕು, ಕೈಗವಸು ಇಲ್ಲದೆ ಈ ಕೆಲಸ ಬೇಡ. ಉಬ್ಬಸ ಇರುವವರಂತೂ ಕಟ್ಟು ಬಿಚ್ಚುವ ಕೋಣೆಗೇ ಬರಬಾರದು, ಸತ್ತ ಬೂಷ್ಟಿನ ಪುಡಿಯೂ ಎದೆಗೆ ಒಳ್ಳೆಯದಲ್ಲ.

ನೇರಳೆ, ಗುಲಾಬಿ, ಕಪ್ಪು ಕಲೆಗಳು ಬೂಷ್ಟು ಸತ್ತ ಮೇಲೂ ಉಳಿಯುತ್ತವೆ. ಅವನ್ನು ಹೋಗಲಾಡಿಸಲು ಬ್ಲೀಚಿಂಗ್ ಪುಡಿ ಮುಟ್ಟಿಸಬೇಡಿ. ಆ ಜಾಗದ ಕಾಗದ ಲೇಪ ಕಳೆದುಕೊಂಡು ಹತ್ತಿಯಂತೆ ಮೆತ್ತಗಾಗಿದ್ದರೆ ಅಕ್ಷರ ಕಳಚುವ ಮೊದಲು ಫೋಟೋ ತೆಗೆದಿಡಿ.

ಇನ್ನು ಬಿಸಿಲು. ದಕ್ಷಿಣ ಕೊಡಗಿನ ಒಂದು ಮನೆಗೆ ಹೋದಾಗ ಕಾಫಿ ಕಣದ ತುಂಬ ಕಾಗದ ಹರವಿತ್ತು. ಹಿರಿಯರು ಜಗಲಿಯಲ್ಲಿ ಕೂತು ಸಮಾಧಾನದಿಂದ ಹೇಳಿದರು: "ನೋಡಿ ಮೇಷ್ಟ್ರೇ, ಒಂದೇ ಬಿಸಿಲಿಗೆ ವಾಸನೆಯೆಲ್ಲ ಹೋಯ್ತು." ಕಾಫಿ, ಕರಿಮೆಣಸು, ಏಲಕ್ಕಿ ಎಲ್ಲವನ್ನೂ ಒಣಗಿಸಿಯೇ ಉಳಿಸಿಕೊಂಡ ಜನ ನಾವು, ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಹಾಳೆಗಳು ಸುರುಳಿ ಸುತ್ತಿಕೊಂಡಿದ್ದವು. ಕಾಪಿಯಿಂಗ್ ಪೆನ್ಸಿಲಿನ ಸಹಿಗಳು ಮೊದಲು ಒದ್ದೆಗೆ ನೇರಳೆಯಾಗಿ ಹರಡಿ, ಆಮೇಲೆ ಬಿಸಿಲಿಗೆ ಮಾಸಿದ್ದವು. ಎಲ್ಲಕ್ಕಿಂತ ದೊಡ್ಡ ನಷ್ಟ ಗಾಳಿಯದು. ಪಾಲುಪಟ್ಟಿಯ ಹನ್ನೊಂದು ಹಾಳೆಗಳಲ್ಲಿ ಪುಟದ ಅಂಕಿಯಿರಲಿಲ್ಲ, ಅವು ಇದ್ದ ಕ್ರಮವೇ ಅವುಗಳ ಅಂಕಿಯಾಗಿತ್ತು. ಅದನ್ನು ಮತ್ತೆ ಹೊಂದಿಸಲು ಅವರ ತಂಗಿಯೂ ನಾನೂ ಮೂರು ಸಂಜೆ ಕೂತೆವು. ಎರಡು ಹಾಳೆಗಳ ಜಾಗ ಇಂದಿಗೂ ನನಗೆ ಖಾತ್ರಿಯಿಲ್ಲ. ಅಂದಿನಿಂದ ಕಟ್ಟು ಬಿಚ್ಚುವ ಮೊದಲು ಮೂಲೆಯಲ್ಲಿ ಸೀಸದಕಡ್ಡಿಯಿಂದ ಸಣ್ಣಗೆ ಅಂಕಿ ಹಾಕದೆ ನಾನು ಯಾವ ಹಾಳೆಯನ್ನೂ ಎತ್ತುವುದಿಲ್ಲ.

ಕಂದು ಕಲೆ: ಐದು ಕಾರಣ, ಒಂದೇ ಬಣ್ಣ

ಕಂದು ಕಲೆ ಕಂಡರೆ ಅದರ ಅಂಚನ್ನು ನೋಡಿ, ನಡುವನ್ನಲ್ಲ. ನದಿ ಇಳಿದ ಮೇಲೆ ದಡದಲ್ಲಿ ಉಳಿಯುವ ಗೆರೆಯಂತೆ ಅಂಚು ಗಾಢವಾಗಿ, ಒಳಗೆ ತಿಳಿಯಾಗಿದ್ದರೆ ನೀರು ಅಲ್ಲಿಯವರೆಗೆ ಬಂದು ಒಣಗಿದೆ. ಒಂದೇ ಕಲೆಯೊಳಗೆ ಎರಡು ಮೂರು ಗೆರೆಗಳಿದ್ದರೆ ನೀರು ಎರಡು ಮೂರು ಸಲ ಬಂದಿದೆ, ಹಾಗಾದರೆ ಮಾಡಿನ ಆ ಜಾಗ ಇನ್ನೂ ಸೋರುತ್ತಿರಬಹುದು. ಇದಕ್ಕೆ ಕಾಗದ ನೋಡಿ ಪ್ರಯೋಜನವಿಲ್ಲ, ಏಣಿ ತನ್ನಿ.

ಚುಕ್ಕೆ ಚುಕ್ಕೆಯಾಗಿ, ಅಂಚಿಲ್ಲದೆ, ಮಸುಕಾಗಿ ಹರಡಿದ್ದರೆ ಕಾಗದದೊಳಗಿನ ಲೋಹದ ಕಣ ಅಥವಾ ಹಳೆಯ ಶಿಲೀಂಧ್ರ ಕಾರಣ. ನೋಡಲು ಮುಜುಗರ, ಬಲಕ್ಕೆ ಸಾಮಾನ್ಯವಾಗಿ ಧಕ್ಕೆಯಿಲ್ಲ, ಹಾಗೇ ಬಿಡಿ. ಗುಂಡುಸೂಜಿಯ ಅಥವಾ ಕ್ಲಿಪ್ಪಿನ ಆಕಾರದಲ್ಲಿದ್ದರೆ ತುಕ್ಕು. ಸೂಜಿಯನ್ನು ಎಳೆದು ತೆಗೆಯಬೇಡಿ, ತುಕ್ಕು ಕಾಗದಕ್ಕೆ ಕಚ್ಚಿಕೊಂಡಿರುತ್ತದೆ. ಎರಡೂ ಬದಿಗೆ ತೆಳು ಪ್ಲಾಸ್ಟಿಕ್ ತುಂಡು ತೂರಿಸಿ, ಕ್ಲಿಪ್ಪನ್ನು ಬಿಡಿಸಿ ಮೇಲಕ್ಕೆತ್ತಿ. ಅಂಚಿನುದ್ದಕ್ಕೂ ಗೆರೆ ಗೆರೆಯಾಗಿ ಬಳಿದಂತಿದ್ದರೆ ಜಿರಳೆ. ಇನ್ನು ಅಕ್ಷರದ ಸುತ್ತಲೇ ಕಂದು ಪ್ರಭೆ ಇದ್ದರೆ ಅದು ಶಾಯಿಯ ಮಾತು, ಅದನ್ನು ಬೇರೆಯಾಗಿಯೇ ಹೇಳಬೇಕು.

ಅಕ್ಷರವೇ ಕಾಗದವನ್ನು ತಿನ್ನುವಾಗ

ನಮ್ಮಲ್ಲಿ ಎರಡು ಬಗೆಯ ಹಳೆಯ ಶಾಯಿ ಸಿಗುತ್ತವೆ. ದೀಪದ ಕಾಡಿಗೆಗೆ ಗೋಂದು ಬೆರೆಸಿ ಮಾಡಿದ್ದು ಒಂದು. ಅದು ಕಪ್ಪಾಗಿಯೇ ಉಳಿಯುತ್ತದೆ, ಕಾಗದಕ್ಕೆ ಏನೂ ಮಾಡುವುದಿಲ್ಲ. ಅದರ ಶತ್ರು ನೀರು ಮಾತ್ರ, ಒದ್ದೆಬೆರಳು ತಾಗಿದರೂ ಅಳಿಸಿಹೋಗುತ್ತದೆ. ಇನ್ನೊಂದು ಅಳಲೆಕಾಯಿಯ ಒಗರಿಗೆ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟು, ಸೇರಿಸಿದ್ದು. ಯುರೋಪಿನಲ್ಲಿ ಓಕ್ ಮರದ ಗಂಟಿನಿಂದ ಮಾಡುತ್ತಿದ್ದದ್ದೂ ಇದೇ ಜಾತಿ, ಕಚೇರಿಗಳ ಬ್ಲೂ-ಬ್ಲ್ಯಾಕ್ ಶಾಯಿಯೂ ಇದೇ ವಂಶ. ಬರೆದಾಗ ಕಪ್ಪು, ವರ್ಷಗಳು ಕಳೆದಂತೆ ಕಂದು. ಅದರಲ್ಲಿ ಆಮ್ಲವೂ ಇದೆ, ಜೊತೆಗೆ ಬಿಡಿಯಾಗಿ ಉಳಿದ ಕಬ್ಬಿಣ ಸೆಲ್ಯುಲೋಸನ್ನು ಸುಡುತ್ತದೆ.

ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿ. ಮುಂದಿನ ಅಕ್ಷರ ಹಿಂದೆ ಕಾಣದಿದ್ದರೆ ಸದ್ಯಕ್ಕೆ ನೆಮ್ಮದಿ. ಅಕ್ಷರದ ಸುತ್ತ ಪ್ರಭೆ ಮೂಡಿದ್ದರೆ ಶಾಯಿ ಸರಿದಾಡುತ್ತಿದೆ. ಹಿಂಬದಿಯಲ್ಲಿ ಕಂದು ಕನ್ನಡಿಬರಹ ಕಂಡರೆ ಎಚ್ಚರಿಕೆ. ಬೆಳಕಿಗೆ ಹಿಡಿದಾಗ 'ಠ'ದ ಸುತ್ತಿನ ನಡುವೆ ಬೆಳಕೇ ತೂರಿ ಬಂದರೆ ಕಾಗದ ಬಿರುಕು ಬಿಟ್ಟಿದೆ. ಒತ್ತಿ ಬರೆದ ಕಡೆ, ಎರಡು ಗೆರೆ ಕೂಡುವ ಕಡೆ, ದಪ್ಪ ಸಹಿಯ ಕೆಳಗೆ ಮೊದಲು ಒಡೆಯುತ್ತದೆ. ಇಂಥ ಹಾಳೆಯನ್ನು ಇನ್ನು ಬಾಗಿಸುವಂತಿಲ್ಲ, ರಟ್ಟಿನ ಮೇಲಿಟ್ಟೇ ಓಡಾಡಿಸಬೇಕು.

ಬಿಡಿ ಕಬ್ಬಿಣ ಇನ್ನೂ ಇದೆಯೇ ಎಂದು ತಿಳಿಯಲು ಬ್ಯಾಥೋಫೆನಾಂತ್ರೊಲಿನ್ ಎಂಬ ರಾಸಾಯನಿಕ ಹೀರಿಸಿದ ಪಟ್ಟಿಗಳು ಸಿಗುತ್ತವೆ. ಪಟ್ಟಿಯ ತುದಿಗೆ ಶುದ್ಧ ನೀರು ಸೋಕಿಸಿ, ಬ್ಲಾಟಿಂಗ್ ಪೇಪರಿಗೆ ಒತ್ತಿ ಹೆಚ್ಚಿನ ನೀರು ತೆಗೆದು, ಶಾಯಿಯ ಮೇಲೆ ಅರೆ ನಿಮಿಷ ಒತ್ತಿ ಹಿಡಿದರೆ ಸಾಕು. ಗುಲಾಬಿಗೆ ತಿರುಗಿದರೆ ದೋಷ ನಡೆಯುತ್ತಿದೆ. ಬಣ್ಣ ಬಾರದಿದ್ದರೆ ಶಾಯಿ ಬೇರೆ ಜಾತಿಯದು, ಇಲ್ಲವೇ ಅದರ ಕೆಲಸ ಮುಗಿದಿದೆ. ಈ ಶಾಯಿಯ ಹಾಳೆ ಮುದುಡಿದೆ ಎಂದು ನೀರು ಚಿಮುಕಿಸಿ ಇಸ್ತ್ರಿ ಮಾಡಿದರೆ ಕಬ್ಬಿಣ ಬರಹವಿಲ್ಲದ ಕಡೆಗೂ ಹರಿದು ಅಲ್ಲೂ ಸುಡಲು ತೊಡಗುತ್ತದೆ. ಈ ಶಾಯಿಯ ಚಿಕಿತ್ಸೆ ಬಲ್ಲವರು ಪ್ರಯೋಗಾಲಯದಲ್ಲಿ ಮಾಡಬೇಕಾದದ್ದು, ಮನೆಯಲ್ಲಲ್ಲ.

ರಬ್ಬರ್ ಮೊಹರಿನ ಶಾಯಿ, ಕಾಪಿಯಿಂಗ್ ಪೆನ್ಸಿಲ್, ಫೌಂಟನ್ ಪೆನ್ನಿನ ನೀಲಿ ಇವೆಲ್ಲ ನೀರಿಗೆ ಅಂಜುವವು. ಅನುಮಾನ ಬಂದರೆ ಪೂರ್ಣವಿರಾಮದಂಥ ಒಂದು ಚುಕ್ಕೆಯ ಮೇಲೆ ಸೂಜಿಮೊನೆಯಷ್ಟು ನೀರು ಮುಟ್ಟಿಸಿ, ಬ್ಲಾಟಿಂಗ್ ಒತ್ತಿ ಬಣ್ಣ ಬಂತೇ ನೋಡಿ. ತೋಟದ ಸರ್ವೆ ನಕ್ಷೆಗಳಲ್ಲಿ ನೀಲಿ ನೆಲದ ಮೇಲೆ ಬಿಳಿ ಗೆರೆಯವು ಇರುತ್ತವಲ್ಲ, ಅವಕ್ಕೆ ಬೆಳಕೂ ಆಗದು, ಕ್ಷಾರವೂ ಆಗದು. ಆಮ್ಲ ತಡೆಯಲೆಂದು ಕ್ಷಾರ ಸೇರಿಸಿ ಮಾಡಿದ ಒಳ್ಳೆಯ ಲಕೋಟೆಯೇ ಈ ನಕ್ಷೆಯ ನೀಲಿಯನ್ನು ತಿಂದುಬಿಡುತ್ತದೆ.

ತೂತು, ಪುಡಿ, ಮಣ್ಣಿನ ಗೆರೆ

ಕಾಫಿಯ ಕಾಯಿಕೊರಕದ ತೂತು ನೋಡಿ ಒಳಗೆ ಹುಳ ಇದೆಯೋ ಹೋಗಿದೆಯೋ ಎಂದು ಹೇಳಬಲ್ಲ ಬೆಳೆಗಾರರಿಗೆ ಇದನ್ನು ಕಲಿಸಬೇಕಾಗಿಲ್ಲ. ಪುಸ್ತಕದ ಹುಳ, ಅಂದರೆ ಒಂದು ಜಾತಿಯ ಜೀರುಂಡೆಯ ಮರಿ, ಗುಂಡು ತೂತು ಕೊರೆದು ಹಾಳೆಯಿಂದ ಹಾಳೆಗೆ ಸುರಂಗ ಮಾಡುತ್ತದೆ. ತೂತಿದೆ ಎಂದಮಾತ್ರಕ್ಕೆ ಹುಳವಿದೆ ಎಂದಲ್ಲ. ಕಟ್ಟನ್ನು ಮೆಲ್ಲಗೆ ತಟ್ಟಿ ಹಳೆಯ ಪುಡಿಯೆಲ್ಲ ಉದುರಿಸಿ, ಕಪ್ಪು ಹಾಳೆಯೊಂದರ ಮೇಲೆ ಇಟ್ಟುಬಿಡಿ, ಅಲುಗಿಸಬೇಡಿ. ಎರಡು ವಾರಕ್ಕೆ ಹೊಸ ಪುಡಿ ಬಿದ್ದಿದ್ದರೆ ಒಳಗೆ ಹುಳ ಕೆಲಸದಲ್ಲಿದೆ. ಆ ಕಟ್ಟನ್ನು ಪಾಲಿಥಿನ್ನಿನಲ್ಲಿ ಗಾಳಿಯಾಡದಂತೆ ಸುತ್ತಿ, ಮೈನಸ್ 20 ಡಿಗ್ರಿಗೆ ಇಳಿಯುವ ಡೀಪ್ ಫ್ರೀಜರಿನಲ್ಲಿ ಒಂದು ವಾರಕ್ಕಿಂತ ಹೆಚ್ಚು ಇಟ್ಟರೆ ಮೊಟ್ಟೆ ಸಹಿತ ಸಾಯುತ್ತದೆ. ಹೊರತೆಗೆದ ಮೇಲೆ ಕೋಣೆಯ ಶಾಖಕ್ಕೆ ಬರುವವರೆಗೆ, ಕನಿಷ್ಠ ಒಂದು ದಿನ, ಸುತ್ತಿದ್ದನ್ನು ಬಿಚ್ಚಕೂಡದು, ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ನೀರು ಕೂಡುತ್ತದೆ.

ಬೆಳ್ಳಿಬಣ್ಣದ ಹುಳ, ಸಿಲ್ವರ್‌ಫಿಶ್ ಎನ್ನುತ್ತೇವಲ್ಲ, ಅದು ತೂತು ಕೊರೆಯುವುದಿಲ್ಲ, ಮೇಲ್ಮೈಯನ್ನು ಮೇಯುತ್ತದೆ. ಓರೆ ಬೆಳಕಿನಲ್ಲಿ ದನ ಮೇದ ಹುಲ್ಲುಗಾವಲಿನಂತೆ ತೇಪೆ ತೇಪೆಯಾಗಿ ತೆಳುವಾದ ಕಾಗದ ಕಾಣುತ್ತದೆ. ಧೂಳಿನಷ್ಟು ಸಣ್ಣ ಬಿಳಿಚು ಹುಳುಗಳು ಹಾಳೆ ತೆರೆದೊಡನೆ ಓಡಿದರೆ ಅವು ತಿನ್ನಲು ಬಂದಿರುವುದು ಕಣ್ಣಿಗೆ ಕಾಣದ ಬೂಷ್ಟನ್ನು. ಅವುಗಳಿಗೆ ಮದ್ದು ಹೊಡೆಯಬೇಡಿ, ತೇವ ಇಳಿಸಿ, ತಾವೇ ಹೋಗುತ್ತವೆ. ಗೋಡೆಯಿಂದ ಕಪಾಟಿಗೆ ಮಣ್ಣಿನ ಗೆರೆ ಬಂದಿದ್ದರೆ ಗೆದ್ದಲು. ಒಂದಂಗುಲ ಒರೆಸಿ, ನಾಲ್ಕು ದಿನ ಬಿಟ್ಟು ನೋಡಿ. ಮತ್ತೆ ಕಟ್ಟಿಕೊಂಡಿದ್ದರೆ ಅಂದೇ ದಾಖಲೆಗಳನ್ನು ಆ ಕೋಣೆಯಿಂದ ಎತ್ತಿ, ಕಾಗದಕ್ಕಲ್ಲ, ಕಟ್ಟಡಕ್ಕೆ ಚಿಕಿತ್ಸೆ ಮಾಡಿಸಿ.

ಬಜೆ ಬೇರು, ಬೇವಿನೆಲೆ ಇಡುವುದು ನಮ್ಮ ಹಿರಿಯರ ರೂಢಿ. ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯ ಮೂಲೆಗಿಟ್ಟರೆ ಹುಳ ಹತ್ತಿರ ಸುಳಿಯುವುದು ಕಡಿಮೆ, ಒಳಗಿದ್ದದ್ದನ್ನು ಅದು ಕೊಲ್ಲುವುದಿಲ್ಲ. ಹಾಳೆಗಳ ನಡುವೆ ಹಸಿ ಎಲೆ ಮಾತ್ರ ಬೇಡ, ತೇವವೂ ಕಲೆಯೂ ಬೋನಸ್ಸಾಗಿ ಬರುತ್ತವೆ.

ಹಿಂದಿನವರ ರಿಪೇರಿ

ನನಗೆ ಸಿಟ್ಟು ತರಿಸುವ ಒಂದೇ ದೋಷ ಜೆರಾಕ್ಸ್ ಅಂಗಡಿಯ ಬಿಸಿ ಲ್ಯಾಮಿನೇಷನ್. ಪ್ರೀತಿಯಿಂದಲೇ ಮಾಡಿಸಿರುತ್ತಾರೆ, ಅದಕ್ಕೇ ಹೆಚ್ಚು ಸಂಕಟ. ಶಾಖದಲ್ಲಿ ಕರಗಿದ ಅಂಟು ಎಳೆಗಳ ಒಳಗೆ ಇಳಿದು ಕೂತ ಮೇಲೆ ಅದನ್ನು ಹಿಂದಕ್ಕೆ ಪಡೆಯುವ ದಾರಿ ಹೆಚ್ಚುಕಡಿಮೆ ಇಲ್ಲ. ಆಮ್ಲ ಒಳಗೇ ಉಳಿಯುತ್ತದೆ. ಪದರ ಕಿತ್ತರೆ ಅಕ್ಷರವೂ ಬರುತ್ತದೆ. ಈಗಾಗಲೇ ಮಾಡಿಸಿದ್ದರೆ ಕೀಳಲು ಹೋಗಬೇಡಿ, ತಂಪಾದ ಕತ್ತಲೆಯಲ್ಲಿ ಮಟ್ಟಸವಾಗಿ ಇಡಿ, ಫೋಟೋ ತೆಗೆದಿಡಿ.

ಸೆಲ್ಲೋ ಟೇಪಿನ ವಯಸ್ಸನ್ನು ಬೆರಳಿಗೆ ಕೇಳಬಹುದು. ಅಂಚು ಜಿಗುಟಾಗಿದ್ದರೆ ಅಂಟು ಇನ್ನೂ ಹರಿಯುತ್ತಿದೆ, ಪಕ್ಕದ ಹಾಳೆಗೆ ಅಂಟದಂತೆ ಸಿಲಿಕೋನ್ ಲೇಪದ ಕಾಗದ ನಡುವೆ ಇಟ್ಟು ಬಲ್ಲವರಿಗೆ ತೋರಿಸಿ. ಪ್ಲಾಸ್ಟಿಕ್ ತಾನೇ ಕಳಚಿ ಕಂದು ಕಲೆ ಮಾತ್ರ ಉಳಿದಿದ್ದರೆ ಆಗಬೇಕಾದ್ದು ಆಗಿಹೋಗಿದೆ, ಮುಟ್ಟಬೇಡಿ. ಹಳೆಯ ಸರ್ಕಾರಿ ಕಡತಗಳಲ್ಲಿ ಹಾಳೆಯ ಎರಡೂ ಬದಿಗೆ ನವಿರು ರೇಷ್ಮೆ ಜಾಲರಿ ಅಂಟಿಸಿರುವುದು ಕಂಡರೆ ಅದು ಶಿಫಾನ್ ರಿಪೇರಿ. ಅದು ಬಲ್ಲವರೇ ಮಾಡಿದ ಕೆಲಸ, ಆದರೆ ರೇಷ್ಮೆಯೂ ಮುಪ್ಪಾಗಿ ಬಿರಿಯುತ್ತದೆ. ಅಂಚು ಹಿಡಿದು ಎಳೆಯದಿರಿ.

ನೀರು ನುಗ್ಗಿದ ಮನೆ

ಕೊಡಗಿನಲ್ಲಿ 2018ರ ಆಗಸ್ಟ್ ಮತ್ತು 2019ರ ಆಗಸ್ಟಿನ ಪ್ರವಾಹ, ಭೂಕುಸಿತ ಕಂಡವರಿಗೆ ಇದರ ಅವಸರ ಹೇಳಬೇಕಾಗಿಲ್ಲ. ಜೀವ ಮೊದಲು, ಕಾಗದ ಆಮೇಲೆ. ಆದರೆ ಕಾಗದಕ್ಕೆ ಸಿಗುವ ಹೊತ್ತು ಎರಡು ದಿನ ಮಾತ್ರ, 48 ಗಂಟೆ ಕಳೆದರೆ ಬೂಷ್ಟು ಏಳಲು ತೊಡಗುತ್ತದೆ. ಒದ್ದೆ ಕಟ್ಟನ್ನು ಬಿಚ್ಚಿ ಹಾಳೆ ಬಿಡಿಸಲು ಹೋಗಬೇಡಿ, ಒದ್ದೆ ಕಾಗದಕ್ಕೆ ಬಲವಿಲ್ಲ. ಕಟ್ಟನ್ನು ಕಟ್ಟಾಗಿಯೇ ಟ್ರೇಯ ಮೇಲೆ ಎತ್ತಿ. ಕೆಲವೇ ಇದ್ದರೆ ಬ್ಲಾಟಿಂಗ್ ಪೇಪರ್ ಅಥವಾ ಅಚ್ಚಾಗದ ಬಿಳಿ ನ್ಯೂಸ್‌ಪ್ರಿಂಟ್ ನಡುನಡುವೆ ಇಟ್ಟು ಆಗಾಗ ಬದಲಿಸುತ್ತಾ ನೆರಳಿನಲ್ಲಿ ಒಣಗಿಸಿ. ನೂರಾರು ಇದ್ದರೆ ಒಣಗಿಸುವ ಆಸೆ ಬಿಟ್ಟು, ಚೀಲದಲ್ಲಿ ಸುತ್ತಿ, ಚೀಟಿ ಬರೆದು, ಊರಿನಲ್ಲಿ ಯಾರ ಬಳಿ ದೊಡ್ಡ ಡೀಪ್ ಫ್ರೀಜರ್ ಇದೆಯೋ ಅವರನ್ನು ಕೇಳಿ. ಹೆಪ್ಪುಗಟ್ಟಿದ ಕಾಗದ ಕೆಡುವುದಿಲ್ಲ, ಸಮಯ ಸಿಕ್ಕಾಗ ಒಂದೊಂದಾಗಿ ತೆಗೆಯಬಹುದು. ಹೊಳಪು ಕಾಗದದ ಸಂಚಿಕೆಗಳಿಗೆ ಮೊದಲ ಸರದಿ ಕೊಡಿ, ಅವು ಒಣಗುತ್ತಾ ಇಟ್ಟಿಗೆಯಂತೆ ಅಂಟಿಕೊಳ್ಳುತ್ತವೆ. ಗಾಜಿನ ನೆಗೆಟಿವ್‌ಗಳನ್ನು ಫ್ರೀಜರಿಗೆ ಹಾಕಬೇಡಿ.

ಎಷ್ಟು ನೋಡಬೇಕು, ಹೇಗೆ ಬರೆಯಬೇಕು

ಕೋಣೆ ತುಂಬ ಕಟ್ಟುಗಳಿದ್ದರೆ ಎಲ್ಲವನ್ನೂ ಬಿಚ್ಚುವುದು ಬೇಡ, ಬಿಚ್ಚುವುದೂ ಒಂದು ಹಾನಿಯೇ. ದಾಖಲೆ ಎಷ್ಟು ಸಾವಿರವಿದ್ದರೂ ಸುಮಾರು 400ನ್ನು ಕುರುಡಾಗಿ ಆರಿಸಿ ನೋಡಿದರೆ, ಇಡೀ ಸಂಗ್ರಹದ ಸ್ಥಿತಿ ನೂರಕ್ಕೆ 5ರಷ್ಟು ಆಚೀಚೆಯಲ್ಲಿ ಗೊತ್ತಾಗುತ್ತದೆ. ಕುರುಡಾಗಿ ಎಂಬ ಮಾತು ಮುಖ್ಯ. ಕೈಗೆ ಸುಲಭವಾಗಿ ಸಿಗುವ ಸಾಲಿನಿಂದಲೇ ತೆಗೆದರೆ ಜನ ದಿನವೂ ಮುಟ್ಟುವ ಕಡತಗಳ ಸವೆತವನ್ನಷ್ಟೇ ಅಳೆಯುತ್ತೀರಿ. 8,000 ಇದ್ದರೆ ಮೊದಲ ಇಪ್ಪತ್ತರಲ್ಲಿ ಚೀಟಿ ಎತ್ತಿ ಒಂದನ್ನು ಆರಿಸಿ, ಅಲ್ಲಿಂದ ಪ್ರತಿ ಇಪ್ಪತ್ತನೆಯದು.

ಬರೆದುಕೊಳ್ಳುವಾಗ "ಸ್ಥಿತಿ ಚೆನ್ನಾಗಿಲ್ಲ" ಎಂದು ಬರೆಯಬೇಡಿ. ಮುಂದಿನ ವರ್ಷ ಬೇರೊಬ್ಬರು ಅದೇ ಕಟ್ಟು ತೆರೆದಾಗ ಹಾನಿ ಹೆಚ್ಚಿತೇ ಅಲ್ಲೇ ನಿಂತಿತೇ ಎಂದು ಅಳತೆ ಹಿಡಿದು ಹೇಳುವಂತಿರಬೇಕು. ನನ್ನ ಪುಸ್ತಕದ ಒಂದು ನಮೂದನ್ನು ಇಲ್ಲಿ ಹಾಗೇ ಇಳಿಸುತ್ತೇನೆ:

ಕಪಾಟು 3, ಕೆಳಸಾಲು, ಕಟ್ಟು 14. ತೋಟದ ಲೆಡ್ಜರ್, 212 ಹಾಳೆ, ಅಂಕಿ ಹಾಕಿದೆ. ಕಾಗದ ಗಿರಣಿಯದು, ಅಂಚು ಕಂದು, ಬಾಗುತ್ತದೆ, ಚೂರು ಉದುರಿಲ್ಲ. ಹಾಳೆ 1ರಿಂದ 9: ನೀರಿನ ಗೆರೆ ಒಂದೇ, ಕೆಳಮೂಲೆಯಿಂದ 6 ಸೆಂಟಿಮೀಟರ್, ಒಣಗಿದ್ದು. ಹಾಳೆ 4ರಲ್ಲಿ ಬೂಷ್ಟು, ಬ್ರಷ್ಷಿಗೆ ಪುಡಿಯಾಯಿತು. ಶಾಯಿ ಕಬ್ಬಿಣದ್ದು, ಪ್ರಭೆ ಇದೆ, ಹಿಂಬದಿಗೆ ದಾಟಿಲ್ಲ, ಪಟ್ಟಿ ತಿಳಿ ಗುಲಾಬಿ. ತೂತು ಮೂರು, ಕಪ್ಪು ಹಾಳೆಯ ಮೇಲೆ ಹದಿನಾಲ್ಕು ದಿನಕ್ಕೆ ಪುಡಿಯಿಲ್ಲ. ಕಪಾಟಿನ ಹಿಂದೆ ತೇವ 71, ಕೋಣೆಯ ನಡುವೆ 63. ಕಪಾಟನ್ನು ಗೋಡೆಯಿಂದ ಸರಿಸಿದೆ. ಕಾಗದಕ್ಕೆ ಏನೂ ಮಾಡಿಲ್ಲ. ಮತ್ತೆ ನೋಡುವುದು: ಪುತ್ತರಿ ಕಳೆದ ವಾರ.